ತೇಪೆ ಹಾಕಿದ ರಾತ್ರಿ

ಹರಿದ ಅಂಗಿಗೆ ತೇಪೆ ಹಾಕುವುದನ್ನು ನಮ್ಮ ತಾಯಂದಿರು ಬಲ್ಲರು. ಕಂಪ್ಯೂಟರಿನ ಲೆಕ್ಕಕ್ಕೂ ತೇಪೆ ಹಾಕುತ್ತಾರೆಂದರೆ ಓದುಗರು ನಗಬಹುದು. ‘ಪ್ಯಾಚ್’ ಎಂದರೆ ಅದೇ: ಇಡೀ ಕಡತವಲ್ಲ, ಬದಲಾದ ಸಾಲುಗಳಷ್ಟೇ.

2009ರ ಜುಲೈ ಕೊನೆ. ಪುಣೆಯ ನಮ್ಮ ಕಚೇರಿಯಲ್ಲಿ ಒಂದು ಕಾರ್ಖಾನೆಯ ಪಗಾರದ ಲೆಕ್ಕ. ಓವರ್‌ಟೈಮು ತಪ್ಪಾಗಿ ಬರುತ್ತಿತ್ತು. ಬೆಳಗಾದರೆ ಪಗಾರ. ಕ್ಯಾಲಿಫೋರ್ನಿಯಾದ ಜೊತೆಗಾರರು ಕಳುಹಿಸಿದ ಪ್ಯಾಚನ್ನು ರಾತ್ರಿಯೇ ಹಾಕಿದೆವು. ಲೆಕ್ಕ ಮಾತ್ರ ಹಳೆಯದೇ!

ಎರಡು ಗಂಟೆಯ ಹೊತ್ತಿಗೆ ಗುಟ್ಟು ಸಿಕ್ಕಿತು. ಪ್ರೋಗ್ರಾಮನ್ನು ಕಟ್ಟುವ ‘ಮೇಕ್’ ಎಂಬುದು ಕಡತದೊಳಗೆ ಇಣುಕುವುದಿಲ್ಲ. ಅದರ ವೇಳೆಯನ್ನಷ್ಟೇ ನೋಡುತ್ತದೆ. ಕಟ್ಟಿದ ಪ್ರೋಗ್ರಾಮಿಗಿಂತ ಮೂಲ ಕಡತ ಹಳೆಯದಾದರೆ ಸುಮ್ಮನಿರುತ್ತದೆ. ಪ್ಯಾಚಿನ ತಲೆಯಲ್ಲಿ ಮಧ್ಯಾಹ್ನ 12 ಎಂದಿತ್ತು, ಯಾವ ಊರಿನ 12 ಎಂದಿರಲಿಲ್ಲ. ಆ ವೇಳೆಯನ್ನೇ ಕಡತಕ್ಕೂ ಒತ್ತು ಎಂದು ಅಪ್ಪಣೆ ಕೊಟ್ಟವರು ನಾವೇ. ಯಂತ್ರ ಅದನ್ನು ಪುಣೆಯ 12 ಎಂದುಕೊಂಡಿತು. ನಿಜಕ್ಕೆ ಅದು ನಮ್ಮ ನಡುರಾತ್ರಿ 12:30. ಆ ಸಂಜೆ 6ಕ್ಕೆ ನಾವು ಕಟ್ಟಿದ್ದ ಪ್ರೋಗ್ರಾಮಿಗಿಂತ ಹೊಸ ತೇಪೆ ಹಳೆಯದಾಗಿಬಿಟ್ಟಿತ್ತು.

1906ರಲ್ಲಿ ಭಾರತಕ್ಕೆಲ್ಲ ಒಂದೇ ಕಾಲ ಗೊತ್ತಾದ ಮೇಲೂ ಮುಂಬಯಿಯಲ್ಲಿ 39 ನಿಮಿಷ ಹಿಂದಿನ ‘ಬಾಂಬೆ ಟೈಮು’ ದಶಕಗಳ ಕಾಲ ನಡೆಯಿತು. ‘ಯಾವ ಟೈಮು?’ ಎಂದು ಕೇಳಿಕೊಂಡೇ ಹೊರಡಬೇಕಿತ್ತೆಂದು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ಆ ಪ್ರಶ್ನೆ ನಮಗೆ ಹೊಳೆಯಲಿಲ್ಲ, ನೋಡಿ.

ಕಡತಕ್ಕೆ ಆ ಕ್ಷಣದ ವೇಳೆ ಒತ್ತಿ ಮತ್ತೆ ಕಟ್ಟಿದೆವು. ಪಗಾರ ಸರಿಯಾಗಿ ಹೋಯಿತು. ಮುಂದೆ ಅವರು ವೇಳೆಯ ಪಕ್ಕದಲ್ಲಿ -0700 ಎಂದು ಬರೆಯತೊಡಗಿದರು, ನಾವು +0530 ಎಂದು.