ಬಿಳಿ ಅಂಗಿಯ ಬಯಕೆ

ಹೊಸಪೇಟೆಯಿಂದ ಬಳ್ಳಾರಿ ದಾರಿ ಹಿಡಿದರೆ ಸಿಗುವ ಊರು ಪಾಪಿನಾಯಕನಹಳ್ಳಿ. ಜನರ ಬಾಯಲ್ಲಿ ಪಿ.ಕೆ. ಹಳ್ಳಿ. ಹಂಪಿಗೆ ಬಂದವರು ಇತ್ತ ತಿರುಗುವುದು ಕಡಿಮೆ. ನೋಡಲು ಇಲ್ಲೇನಿದೆ ಎನ್ನಬೇಡಿ. ಹಗ್ಗದ ಮೇಲೆ ಒಣಗುವ ಬಟ್ಟೆ ನೋಡಿ. ಸಂಡೂರು ಬೆಟ್ಟಗಳ ಕಬ್ಬಿಣದ ಅದಿರು ಹೊತ್ತ ಲಾರಿಗಳು ಓಡಿದಾಗ ಏಳುವ ಕೆಂಪು ದೂಳು ಬೇವಿನ ಎಲೆಯನ್ನೂ ಬಿಡದು, ಮಗುವಿನ ಶಾಲೆಯ ಬಿಳಿ ಅಂಗಿಯನ್ನೂ ಬಿಡದು. ನೀಲಿ ಹಾಕಿ ಹಿಂಡಿದ ಅಂಗಿ ಸಂಜೆಯತನಕ ಬೆಳ್ಳಗಿರಲಿ ಎಂಬುದಷ್ಟೇ ತಾಯಂದಿರ ಬಯಕೆ. ಚಿನ್ನ ಕೇಳುವವರಿಗೆ ಇದು ತಮಾಷೆ ಎನಿಸೀತು!

ಬಯಕೆ ಒಮ್ಮೆ ಈಡೇರಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. (ಈ ಊರು ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಿ.) ದೂಳು ಅಡಗಿತು, ಲಾರಿ ನಂಬಿದವರ ಕೂಲಿಯೂ ನಿಂತಿತು. ಆಗ ಅದೇ ಮನೆಗಳಲ್ಲಿ ಅಪ್ಪನ ಬಯಕೆ ಬೇರೆ: ಲಾರಿ ಮತ್ತೆ ಬರಲಿ, ಮಗಳ ಕಾಲೇಜು ಫೀ ಕಟ್ಟಬೇಕು. 2013ರ ತೀರ್ಪಿನ ಬಳಿಕ ಹಲವು ಗಣಿಗಳು ಷರತ್ತುಗಳೊಡನೆ ನಡೆದವು, ಲಾರಿಗಳೂ ಬಂದವು.

ಇಬ್ಬರನ್ನೂ ಕೊಂಚ ಸಮಾಧಾನಪಡಿಸಬಲ್ಲದ್ದು ಒಂದು ತಾಡಪಾಲು. ಅದಿರಿನ ಮೇಲೆ ಅದನ್ನು ಬಿಗಿಯಾಗಿ ಹೊದಿಸಿ, ಬೆಳಿಗ್ಗೆ ದಾರಿಗೆ ನೀರು ಚಿಮುಕಿಸಬೇಕು. ಮಳೆಗಾಲದಲ್ಲಿ ಈ ಎರಡನೆಯ ಕೆಲಸವನ್ನು ಮೋಡ ಬಿಟ್ಟಿ ಮಾಡಿಕೊಡುತ್ತದೆ. ಆದರೆ ಮಳೆಯಲ್ಲಿ ಅಂಗಿ ಒಣಗುವುದು ಹೇಗೆ?