ಮಣಿಯುವ ಕಡೆ

ಕೊಡಲಿಗೆ ಕಾವು ಹಾಕುವ ಮೊದಲು ನಮ್ಮೂರು ತಾಂಬಾದ ಬಡಿಗೇರರು ಕಟ್ಟಿಗೆಯ ತುದಿ ನೋಡುತ್ತಿದ್ದರು. ಕೊಯ್ದ ತುದಿಗೆ ಒಂದಿಷ್ಟು ನೀರು ಹಚ್ಚಿದರೆ ಎಳೆ ಎದ್ದು ಕಾಣುತ್ತದೆ. ಅದು ಅಲಗಿನ ದಿಕ್ಕಿಗೇ ಓಡಿದ್ದರೆ ಕಾವು ಬಾಳಿಕೆ ಬರುತ್ತದೆ. ಅಡ್ಡ ಬಿದ್ದಿದ್ದರೆ ಜಾಲಿಯಂಥ ಜಾಲಿಯೂ ಬೇಗ ಸೀಳುತ್ತದೆ. "ಕಟಗಿ ಯಾ ಕಡೆ ಮಣೀತೈತಿ ಮೊದಲ ಅದನ್ನ ನೋಡೋ ತಮ್ಮಾ, ಬಾಚಿ ಆಮ್ಯಾಲ" ಎನ್ನುತ್ತಿದ್ದರು ನಮ್ಮ ಓಣಿಯ ಬಡಿಗೇರ ಕಾಕಾ.

ಆ ಕಾಲ ಚಂದವಿತ್ತು ಎಂದು ನಾನು ಹೇಳಲಾರೆ. ಕೂಲಿ ಎಂದರೆ ರಾಶಿಯಾದ ಮೇಲೆ ಕಣದಲ್ಲಿ ಸಿಗುವ ಆಯದ ಜೋಳ; ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಬಿತ್ತಿಗೆಯ ಗಡಿಬಿಡಿಯಲ್ಲಿ ಎಳೆ ನೋಡದೆ ಬಡಿದ ಕಾವುಗಳೂ ಇದ್ದವು. ಈಗ ಊರಲ್ಲಿ ಕಬ್ಬಿಣದ ಪೈಪಿನ ಕಾವು ನಡೆಯುತ್ತದೆ. ಅದಕ್ಕೆ ಎಳೆಯಿಲ್ಲ, ಸೀಳುವುದಿಲ್ಲ, ಆದರೆ ಪ್ರತಿ ಏಟೂ ಮೊಣಕೈಗೆ ಏರುತ್ತದೆ.

ನನ್ನ ಈಗಿನ ಕೆಲಸ ಬೆಂಗಳೂರಿನಲ್ಲಿ, ಗಾಲ್ಫ್ ಆಡುವ ಕೋಲು, ಅಂದರೆ ಕ್ಲಬ್, ಕಟ್ಟುವುದು. ಈ ಊರಿನಲ್ಲಿ 1876ರಿಂದ ಆ ಆಟವಿದೆ. ಮೊದಲು ಕ್ಲಬ್ಬಿನ ಕಾವು, ಅಂದರೆ ಶಾಫ್ಟು, ಅದೂ ಕಟ್ಟಿಗೆಯದೇ, ಹಿಕರಿ ಎಂಬ ಮರದ್ದು. ಅದರಲ್ಲೂ ಎಳೆ ಯಾವ ಕಡೆ ಎಂದು ನೋಡಿಯೇ ಹೆಡ್ ಕೂಡಿಸುತ್ತಿದ್ದರು. 1929ರಲ್ಲಿ ಆಟದ ನಿಯಮ ಮಾಡುತ್ತಿದ್ದ ಸೇಂಟ್ ಆಂಡ್ರ್ಯೂಸ್‌ ಕ್ಲಬ್ಬಿನವರು ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟರು. 1970ರ ದಶಕದಿಂದ ಕಾರ್ಬನ್ ನಾರಿನದು ಬಂತು. ಎಳೆಯ ತಾಪತ್ರಯ ಮುಗಿಯಿತೇ ಎಂದರೆ, ಮುಗಿಯಲಿಲ್ಲ. ಹೆಚ್ಚಿನ ಶಾಫ್ಟುಗಳನ್ನು ಕಾರ್ಬನ್ ಹಾಳೆಯನ್ನು ಸರಳಿಗೆ ಸುತ್ತಿಯೇ ಮಾಡುವುದು. ಹಾಳೆಯ ಅಂಚು ಒಂದರ ಮೇಲೊಂದು ಕೂತ ಕಡೆ ಬಿಗಿ ಹೆಚ್ಚು. ಉಕ್ಕಿನ ಕೊಳವೆಯಲ್ಲಿ ಗೋಡೆಯ ದಪ್ಪ ಒಂದು ಕೂದಲು ಹೆಚ್ಚುಕಡಿಮೆಯಾದರೂ ಅದೇ ಕತೆ. ಹೀಗೆ ಶಾಫ್ಟಿಗೆ ಒಂದು ಬಿಗಿ ದಿಕ್ಕು, ಅದಕ್ಕೆ ಕಾಟಕೋನದಲ್ಲಿ ಒಂದು ಸಡಿಲ ದಿಕ್ಕು ಇರುತ್ತದೆ.

ಆ ದಿಕ್ಕುಗಳನ್ನು ಹುಡುಕಲು ಕೆಲವರು ಶಾಫ್ಟನ್ನು ಬೇರಿಂಗಿನಲ್ಲಿಟ್ಟು, ಬಾಗಿಸಿ ತಿರುಗಿಸುತ್ತಾರೆ; ಅದು ತಾನಾಗಿ ಹೊರಳಿ ಒಂದು ಕಡೆ ನಿಲ್ಲುತ್ತದೆ. ನಾನು ಇದನ್ನು ನಂಬುವುದಿಲ್ಲ. ಮೊದಲೇ ತುಸು ಸೊಟ್ಟಗಿರುವ ಶಾಫ್ಟೂ ಹಾಗೇ ಹೊರಳುತ್ತದೆ. ನನ್ನ ರೀತಿ ಬೇರೆ: ಹಿಡಿಕೆಯ ತುದಿಯನ್ನು ವೈಸಿನಲ್ಲಿ ಬಿಗಿದು, ಇನ್ನೊಂದು ತುದಿಗೆ ಭಾರದ ಜೊತೆ ಪುಟ್ಟ ಲೇಸರ್ ಕಟ್ಟಿ, ಎಳೆದು ಬಿಡಬೇಕು. ಗೋಡೆಯ ಮೇಲಿನ ಕೆಂಪು ಚುಕ್ಕೆ ಮೊದಲು ಗೆರೆಯಾಗಿ ಹೊರಡುತ್ತದೆ, ನಾಲ್ಕಾರು ತೂಗಿಗೆ ಉಬ್ಬಿ ಮೊಟ್ಟೆಯ ಆಕಾರ ತಾಳುತ್ತದೆ. ಶಾಫ್ಟನ್ನು ಚೂರು ತಿರುಗಿಸಿ ಮತ್ತೆ ಎಳೆದು ಬಿಡುತ್ತೇನೆ. ಚುಕ್ಕೆ ಗೆರೆ ಬಿಟ್ಟು ಅಲ್ಲಾಡದ ಕಡೆ ಪೆನ್ಸಿಲ್ ಗುರುತು.

ಗುರುತನ್ನು ಎತ್ತ ಇಡಬೇಕು? ಬಿಗಿ ದಿಕ್ಕು ಗುರಿಯ ಕಡೆಗಿರಲಿ ಎನ್ನುವವರೂ ಇದ್ದಾರೆ, ಸಡಿಲ ದಿಕ್ಕು ಎನ್ನುವವರೂ ಇದ್ದಾರೆ. ಎತ್ತಲಾದರೂ ಇರಲಿ, ಸೆಟ್ಟಿನ ಎಲ್ಲ ಐರನ್ ಕ್ಲಬ್‌ಗಳಲ್ಲೂ ಒಂದೇ ಕಡೆ ಇರಲಿ ಎನ್ನುವವನು ನಾನು. ಆಟಗಾರನ ಚೀಲದಲ್ಲಿ 14 ಕ್ಲಬ್‌ಗಳಿಗೆ ಅವಕಾಶ. ಅದರಲ್ಲಿ ಒಂದು ಮಾತ್ರ ಬೇರೆ ರೀತಿ ಮಣಿದರೆ ಕೈ ಅದನ್ನು ನಂಬುವುದಿಲ್ಲ. ನಿಯಮ ಒಪ್ಪುವುದೂ ಇಷ್ಟನ್ನೇ: ಸೆಟ್ಟು ಏಕರೂಪವಾಗಲಿ ಎಂದು ತಿರುಗಿಸಬಹುದು, ಅಡ್ಡಾದಿಡ್ಡಿ ಹೋಗುವ ಚೆಂಡನ್ನು ನೆಟ್ಟಗೆ ಮಾಡಲೆಂದು ತಿರುಗಿಸುವಂತಿಲ್ಲ.

ಕಾವಿನ ಎಳೆ ತಪ್ಪಿದರೆ ಕಾವೇ ಹೋಗುತ್ತಿತ್ತು. ಇಲ್ಲಿ ಅಷ್ಟು ದೊಡ್ಡ ಪೆಟ್ಟಿಲ್ಲ. ಇಂದಿನ ಒಳ್ಳೆಯ ಶಾಫ್ಟುಗಳಲ್ಲಿ ಎರಡು ದಿಕ್ಕಿನ ಬಿಗಿಯ ಅಂತರ ತೀರಾ ಕಡಿಮೆ. ಉದ್ದ, ತೂಕ, ಹೆಡ್ಡಿನ ಕೋನ ಸರಿಯಿಲ್ಲದ ಸೆಟ್ಟಿಗೆ ಇದರಿಂದ ಏನೂ ಆಗದು. ಬಂದವರಿಗೆ ಮೊದಲು ಅದನ್ನೇ ಹೇಳುತ್ತೇನೆ. ದೂರ ಹೊಡೆಯುವ ಕ್ಲಬ್ಬಾದ ಡ್ರೈವರಿನ ಕತೆ ಇನ್ನೂ ಬೇರೆ. ಹೆಡ್ಡಿನ ಕೋನ ಬದಲಿಸಲು ಶಾಫ್ಟಿನ ತುದಿಯ ಸ್ಲೀವನ್ನು ತಿರುಗಿಸುವ ಹಲವು ಡ್ರೈವರುಗಳಲ್ಲಿ ಶಾಫ್ಟೂ ಜೊತೆಗೇ ತಿರುಗಿ ಗುರುತು ದಿಕ್ಕು ತಪ್ಪುತ್ತದೆ. ಅಂಥದಕ್ಕೆ ನಾನು ಗುರುತು ಹಾಕುವುದಿಲ್ಲ, ದುಡ್ಡೂ ತೆಗೆದುಕೊಳ್ಳುವುದಿಲ್ಲ.