ಒಡ್ಡಿನ ತುಂಬಿ

ಮೂಗು ಕಟ್ಟಿ, ಹಣೆ ಮೇಲೆ ಕಲ್ಲು ಹೇರಿದಂತಾಗಿ, ಸಾಲಿಗೆ ಹೋಗಲಾರೆ ಎಂದು ಕೌದಿ ಹೊದ್ದು ಮಲಗಿದ ದಿನ ಆಯಿ ಮಾತಿಲ್ಲದೆ ಹೊಲದ ಕಡೆ ನಡೆಯುತ್ತಿದ್ದಳು. ಹುನ್ನೂರಿನಲ್ಲಿ ನಮ್ಮ ಹೊಲ ಮನೆಯಿಂದ ಕೂಗಳತೆ. ಮರಳಿ ಬರುವಾಗ ಸೆರಗಿನಲ್ಲಿ ಒಂದು ಹಿಡಿ ತುಂಬಿ ಎಲೆ. ಪುಸ್ತಕದಲ್ಲಿ ತುಂಬೆ, ನಮ್ಮ ಬಾಯಲ್ಲಿ ತುಂಬಿ. ಎಲೆ ತೊಳೆದು, ಅಂಗೈಯಲ್ಲಿ ಹೊಸೆದು, ಮುತ್ಯಾನ ಹಳೇ ಧೋತರದ ಚೂರಿನಲ್ಲಿ ಕಟ್ಟಿ ಹಿಂಡುವಳು. “ಮ್ಯಾಲ ನೋಡು ತಮ್ಮಾ.” ಎರಡೇ ಹನಿ. ಉರಿ ಮೂಗಿನಿಂದ ಹುಬ್ಬಿನ ನಡುವಿಗೆ ಏರಿ, ಕಣ್ಣಲ್ಲಿ ನೀರು ದಳದಳ ಇಳಿದು, ಸಾಲುಸಾಲು ಸೀನು ಬಂದು, ಕೊನೆಗೆ ತಲೆ ಹತ್ತಿಯಷ್ಟು ಹಗುರ. ಆ ಸುಖಕ್ಕೆ ಮರುಳಾಗಿ, “ಆಯಿ, ಇನ್ನೊಂದ ಹನಿ ಹಾಕ” ಎಂದರೆ ಹಾಕುತ್ತಿರಲಿಲ್ಲ. “ಔಷಧ ಅಂದ್ರ ಊಟ ಅಲ್ಲೋ ಯಪ್ಪಾ.”

ಮೊದಲ ಮಳೆ ಬಿದ್ದು ವಾರ ಹದಿನೈದು ದಿನಕ್ಕೆ ಒಡ್ಡಿನ ಮೇಲೆ ತುಂಬಿ ಕಣ್ಣು ಬಿಡುತ್ತಿತ್ತು. ಮೊಣಕಾಲಿನೆತ್ತರ ಮೀರದ ಗಿಡ. ದಂಟನ್ನು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತವೆ. ಎಲೆ ಮುಟ್ಟಿದರೆ ಒರಟು. ಸಸ್ಯಶಾಸ್ತ್ರದವರು ಇಟ್ಟ ಲ್ಯೂಕಾಸ್ ಆಸ್ಪೆರ ಎಂಬ ಹೆಸರಲ್ಲೂ ಇರುವುದು ಇಷ್ಟೇ: ಗ್ರೀಕಿನ ಬಿಳುಪು, ಲ್ಯಾಟಿನ್ನಿನ ಒರಟು. ಸಂಸ್ಕೃತದವರು ಹೂವಿನಲ್ಲಿ ದೊನ್ನೆ ಕಂಡು ದ್ರೋಣಪುಷ್ಪಿ ಅಂದರು. ದಂಟಿನ ಸುತ್ತ ಮುಳ್ಳುಮುಳ್ಳಾದ ಹಸಿರು ಚೆಂಡು, ಆ ಚೆಂಡಿನಿಂದ ನಾಲಿಗೆ ಚಾಚಿದ ಹಾಗೆ ಬಿಳಿ ಹೂ. ಮೇಲ್ದುಟಿಗೆ ನವಿರು ರೋಮ, ಕೆಳದುಟಿ ಅಗಲ. ಮೆಲ್ಲಗೆ ಎಳೆದರೆ ಸಪ್ಪಳವಿಲ್ಲದೆ ಕೈಗೆ ಬರುತ್ತದೆ. ಬುಡವನ್ನು ನಾಲಿಗೆಗೆ ಇಟ್ಟರೆ ಒಂದು ಹನಿಗಿಂತ ಕಡಿಮೆ ಸಿಹಿ. ಸಾಲಿ ಬಿಟ್ಟು ಬರುವಾಗ ಒಂದು ಒಡ್ಡು ಪೂರ್ತಿ ಚೀಪಿ ಮುಗಿಸುತ್ತಿದ್ದೆವು, ಇರುವೆಗಳಿಗಿಂತ ಮೊದಲು ಹೋದರೆ.

ಹುನ್ನೂರು ಹೊರಗಿನವರಿಗೆ ಗೊತ್ತಾದದ್ದು ಹುನ್ನೂರ–ಮಧುರಖಂಡಿ ಬಸವಜ್ಞಾನ ಗುರುಕುಲದಿಂದ, ಡಾ. ಈಶ್ವರ ಮಂಟೂರರ ಪ್ರವಚನದಿಂದ. ಆಯಿಯ ಪೂಜೆ ಮಾತ್ರ ಅಡುಗೆಮನೆಯ ಮೂಲೆಯಲ್ಲಿ, ಎಡ ಅಂಗೈ ಮೇಲೆ. ಅಂಗೈಯಲ್ಲಿ ಹಿಡಿಸುವ ಇಷ್ಟಲಿಂಗಕ್ಕೆ ದಾಸವಾಳ ಇಟ್ಟರೆ ಲಿಂಗವೇ ಮರೆಯಾಗುತ್ತದೆ. ತುಂಬಿ ಇಟ್ಟರೆ ಎರಡೂ ಕಾಣುತ್ತವೆ. ಯಾರೂ ಬೆಳೆಯದ ಹೂ ಶಿವನಿಗೆ ಪ್ರಿಯವಾದದ್ದು ನನಗೆ ಇಂದಿಗೂ ಸಮಾಧಾನ ಕೊಡುವ ಸಂಗತಿ.

ಕೆಮ್ಮಿಗೆ ರಸದೊಡನೆ ಜೇನು, ಕಜ್ಜಿಗೆ ರಸದ ಲೇಪ, ನೆಗಡಿಗೆ ಎಲೆ ಕುದಿಸಿದ ನೀರಿನ ಹಬೆ, ಸಂಜೆ ಸೊಳ್ಳೆಗೆ ಒಣಗಿದ ಗಿಡದ ಹೊಗೆ. ಇವೆಲ್ಲ ಸರಿ. ಆದರೆ ಚೇಳು ಕಡಿದಾಗಲೂ ತುಂಬಿ ರಸ ಹಚ್ಚಿ ಕೂತವರನ್ನು ಕಂಡಿದ್ದೇನೆ. ನಮ್ಮ ಓಣಿಯ ಒಬ್ಬ ಹುಡುಗ ಹಾಗೇ ರಾತ್ರಿ ಕಳೆದು, ಬೆಳಿಗ್ಗೆ ಮೈಯೆಲ್ಲ ಬೆವೆತು ಏದುಸಿರು ಬಿಡುವಾಗ ಜಮಖಂಡಿಗೆ ಒಯ್ದರು. ಬದುಕಿದ. ಕೆಂಪು ಚೇಳಿನ ವಿಷ ಹೃದಯಕ್ಕೆ ಹೋಗುತ್ತದೆ. ರಾಯಗಡ ಜಿಲ್ಲೆಯ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಗುಳಿಗೆಯಿಂದ ಚೇಳು ಕಡಿತದ ಸಾವುಗಳನ್ನು ತಡೆಯಬಹುದೆಂದು ತೋರಿಸಿದರು. ಚೇಳಿಗೆ ದವಾಖಾನೆಯೇ ಗತಿ, ಅದರಲ್ಲಿ ಎರಡು ಮಾತಿಲ್ಲ.

ತುಂಬಿಯ ಒಡ್ಡು ಬದಲಾದದ್ದು ನೀರು ಬಂದ ಮೇಲೆ. 1989ರಲ್ಲಿ ನಮ್ಮ ಜಮಖಂಡಿ ತಾಲೂಕಿನ ರೈತರು ತಾವೇ ದುಡ್ಡು ಕೂಡಿಸಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಆ ಶ್ರಮದ ಮಾತು ಬಂದರೆ ಈಗಲೂ ಎದೆ ತುಂಬುತ್ತದೆ. ನೀರು ಮುಟ್ಟಿದ ಕಡೆ ಜೋಳ ಹೋಗಿ ಕಬ್ಬು ಬಂತು. ಸಾಲ ಹರಿದವು, ಮನೆ ಎದ್ದವು, ಮಕ್ಕಳು ಓದಿದರು. ಆ ಮಕ್ಕಳಲ್ಲಿ ನಾನೂ ಒಬ್ಬ. ಕಬ್ಬಿನ ಬೆನ್ನಿಗೇ ಕಸದ ಎಣ್ಣಿಯೂ ಬಂತು. ಕಬ್ಬು ಹುಲ್ಲಿನ ಜಾತಿ. 2,4-ಡಿ ಎಂಬ ಆ ಎಣ್ಣಿ ಹೊಡೆದರೆ ಅದಕ್ಕೆ ಏನೂ ಆಗುವುದಿಲ್ಲ, ಅಗಲ ಎಲೆಯ ಗಿಡಗಳು ಮಾತ್ರ ಸಾಯುತ್ತವೆ. ತುಂಬಿ ಅಗಲ ಎಲೆಯ ಲೆಕ್ಕದಲ್ಲಿ ಬರುತ್ತದೆ. ಆಯಿ ಕಸ ತೆಗೆಯುವಾಗ ಕುರ್ಚಿಗಿ ಒಡ್ಡಿನ ಹತ್ತಿರ ಬಂದರೆ ತಡೆಯುತ್ತಿತ್ತು. ಪಂಪಿನ ನಳಿಗೆಗೆ ಆ ವಿವೇಕ ಇಲ್ಲ.

ಹೋದ ಶ್ರಾವಣದಲ್ಲಿ ಮಗಳಿಗೆ ನೆಗಡಿ. ಮೂಗಿಗೆ ರಸ ಹಾಕುವ ಧೈರ್ಯ ನನಗಿಲ್ಲ. ಆಯಿಯ ಕೈಯ ಅಳತೆ ನನ್ನ ಕೈಗೆ ಬಂದಿಲ್ಲ. ಹಬೆಗಾದರೂ ಆದೀತೆಂದು ಒಡ್ಡಿಗೆ ಹೋಗಿ ಬಗ್ಗಿದೆ. ಹಿಂದಿನಿಂದ ತಮ್ಮ ಕೂಗಿದ: “ಅಣ್ಣಾ, ಅದನ್ನ ಕೀಳಬ್ಯಾಡ, ಮೊನ್ನೆರ ಕಸದ ಎಣ್ಣಿ ಹೊಡದೀವಿ.” ಆಗ ಸರಿಯಾಗಿ ನೋಡಿದೆ. ದಂಟು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತ್ತು, ತುದಿ ನೆಲಕ್ಕೆ ಬಗ್ಗಿತ್ತು. ಹೂ ಇನ್ನೂ ಬೆಳ್ಳಗೇ ಇತ್ತು.

ಅಲ್ಲಿ ನಿಂತಾಗ ಹೊಳೆದದ್ದು ಒಂದೇ. ಆಯಿ ಎಲೆ, ಅಳತೆ, ಹೊತ್ತು ಎಲ್ಲ ಕಲಿಸಿದಳು, ಒಡ್ಡಿನ ಬಗ್ಗೆ ಏನೂ ಹೇಳಲಿಲ್ಲ. ಹೇಳುವ ಪ್ರಸಂಗವೇ ಅವಳಿಗೆ ಬಂದಿರಲಿಲ್ಲ. ಒಡ್ಡು ನಂಜಾಗಬಹುದೆಂಬುದು ಅವಳ ಕಾಲದಲ್ಲಿ ಇರದ ಮಾತು. ಈಗ ಗಿಡದ ಗುರುತು ಇದ್ದರೆ ಸಾಲದು, ಯಾರ ಒಡ್ಡು, ಯಾವಾಗ ಹೊಡೆದದ್ದು ಎಂದು ಕೇಳಿಯೇ ಎಲೆಗೆ ಕೈ ಹಾಕಬೇಕು.

ತಮ್ಮನ ಮೇಲೆ ಸಿಟ್ಟು ಬರಲಿಲ್ಲ. ಕಸ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಕೇಳಿಕೊಂಡದ್ದು ಇಷ್ಟೇ: ಬಾವಿಯ ಪಕ್ಕದ ಮೂಡಣ ಒಡ್ಡಿಗೆ ಎಣ್ಣಿ ಹೊಡಿಬ್ಯಾಡ. ಅವನು ನಕ್ಕು, “ಆಯಿ ಒಡ್ಡ ಅಂತ ಬಿಡೂನು ಬಿಡು” ಎಂದ. ಚಳಿಗಾಲದಲ್ಲಿ ಹೋಗಿ, ಸುತ್ತಲಿನ ಹಾಳುಬಿದ್ದ ಜಾಗದಲ್ಲಿ ಒಣಗಿ ನಿಂತ ತುಂಬಿ ಚೆಂಡುಗಳನ್ನು ಕಿತ್ತು ತಂದೆ. ಅಂಗೈ ಮೇಲೆ ತಟ್ಟಿದರೆ ಒಂದೊಂದು ಹೂ ಇದ್ದ ಜಾಗದಿಂದ ನಾಲ್ಕು ಸಣ್ಣ ಕಂದು ಬೀಜ ಉದುರುತ್ತವೆ. ಮಗಳು ಎಣಿಸುತ್ತ ಕುಳಿತಳು. ಇನ್ನೂರರ ತನಕ ಎಣಿಸಿ, ಉಳಿದದ್ದನ್ನು ಒಡ್ಡಿಗೆ ತೂರಿದಳು.